ಒದ್ದೆ ಧೋತರದೊಳಗಿನ ಮೊಗ್ಗುಗಳು

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಇದ್ದವರು ಮೂವರು. ಒಲೆಯ ಮುಂದೆ ನಾನು, ಮೇಜಿನ ಹತ್ತಿರ ಕಾಫಿ ಲೋಟ ಹಿಡಿದು ಫೋನು ನೋಡುತ್ತಿದ್ದ ನಮ್ಮ ಯಜಮಾನರು, ಫ್ರಿಜ್ಜಿನ ಕೆಳಗಿನ ಡ್ರಾಯರು ಎಳೆದು ನಿಂಬೆಹಣ್ಣು ಹುಡುಕುತ್ತಿದ್ದ ಮಗಳು. ನಿಂಬೆಹಣ್ಣಿನ ಬದಲು ಅವಳ ಕೈಗೆ ಸಿಕ್ಕಿದ್ದು ಒಂದು ಬಟ್ಟೆಯ ಗಂಟು. ನಾನೇ ಯಾವಾಗಲೋ ಕೊತ್ತಂಬರಿ ಸೊಪ್ಪನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮರೆತಿದ್ದೆ. ಅವಳು ಬಿಚ್ಚಿದಳು ನೋಡಿ, ಕೊಳೆತ ಸೊಪ್ಪಿನದು, ಹಳಸಿದ ನೀರಿನದು, ಮುಗ್ಗಿದ ಹತ್ತಿಬಟ್ಟೆಯದು, ಎಲ್ಲ ಸೇರಿದ ಒಂದು ವಾಸನೆ ಅಡುಗೆಮನೆ ತುಂಬಾ ಹರಡಿತು.

"ಅಮ್ಮಾ, ದಿಸ್ ಈಸ್ ಡಿಸ್ಗಸ್ಟಿಂಗ್," ಎನ್ನುತ್ತಾ ಅವಳು ಬಟ್ಟೆಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಹಸಿ ಕಸದ ಗ್ರೀನ್ ಬಿನ್ನಿನ ಕಡೆ ಹೊರಟಳು. ಸೊಪ್ಪು ಹಾಕು, ಬಟ್ಟೆ ಇಲ್ಲಿ ಕೊಡು ಎಂದೆ. ನನ್ನ ದನಿಯಲ್ಲಿ ಏನಿತ್ತೋ ಏನೋ, ನಮ್ಮ ಯಜಮಾನರು ಫೋನಿನಿಂದ ತಲೆಯೆತ್ತಿದರು. ಹಸಿರು ಅಂಚು ಎಳೆಯಷ್ಟೇ ಉಳಿದಿದ್ದ ಬಿಳಿ ಧೋತರದ ತುಂಡು ಅದು. ಆಗ ಮಗಳಿಗೂ ಗುರುತು ಹತ್ತಿತು. ಮನೆಯಲ್ಲಿ ಇಂಗ್ಲಿಷು ಬಿಟ್ಟು ಬೇರೆ ಮಾತಾಡದ ಹುಡುಗಿ ಕನ್ನಡದಲ್ಲಿ ಕೇಳಿದಳು: "ಕಾಕುದಾ?"

ಹೌದು, ಕಾಕುದೇ...

ಪರದೇಶದ ಈ ಮೆಡೋವೇಲ್‌ನಲ್ಲಿ ನಮ್ಮದು ಜೋಡಿಮನೆ, ನಡುವೆ ಒಂದೇ ಗೋಡೆ. ಗೋಡೆಯ ಆಚೆಗೆ ಕಾಕು ಮತ್ತು ಕಾಕಾ ಇದ್ದರು. ನಾವು ಮೈಸೂರಿನ ಕಡೆಯವರು. ನಮ್ಮಲ್ಲಿ ಚಿಕ್ಕಮ್ಮ ಎಂದು ಕರೆಯುವವರನ್ನು ಅವರ ಬೆಳಗಾವಿಯಲ್ಲಿ ಕಾಕು ಎನ್ನುತ್ತಾರೆ. ಮೊದಲ ದಿನ ನಾನು ಬೇಲಿಯ ಹತ್ತಿರ ನಿಂತು ಆಂಟಿ ಎಂದಾಗ ಅವರು ಮುಖ ಹುಳ್ಳಗೆ ಮಾಡಿದ್ದರು. ಆಂಟಿ ಅಂತ ಕ್ಯಾಂಟೀನಿನಲ್ಲಿ ಕರೆಯುವವರೇ ಬೇಕಾದಷ್ಟು ಮಂದಿ ಇದ್ದಾರೆ, ನೀನೂ ಯಾಕೆ ಅವರ ಜೊತೆ ಸೇರುತ್ತೀ ಎಂದರು. ಅಂದಿನಿಂದ ನನಗೂ ನನ್ನ ಮಗಳಿಗೂ ಅವರು ಕಾಕುವೇ. ಅವರ ಯಜಮಾನರು ಕಾಕಾ. ಮಕ್ಕಳಿರಲಿಲ್ಲ. ಕಾಕು ಇಲ್ಲಿಯ ಆಫೀಸು ಸಾಲಿನ ಒಂದು ಕ್ಯಾಂಟೀನಿನಲ್ಲಿ ಸ್ಯಾಂಡ್‌ವಿಚ್ ಕಟ್ಟಿಕೊಡುವ ಕೆಲಸ ಮಾಡುತ್ತಿದ್ದರು. ಕಾಕಾ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಮಧ್ಯಾಹ್ನದ ಶಿಫ್ಟಿನಲ್ಲಿದ್ದರು. ನಮ್ಮ ಕುಕ್ಕರು ಕೂಗಿದರೆ ಅವರಿಗೆ ಕೇಳುತ್ತಿತ್ತು, ಅವರಿಬ್ಬರ ಜಗಳ ನಮಗೆ ಕೇಳುತ್ತಿತ್ತು. ಜಗಳ ಅಂದರೆ ಜಗಳವಲ್ಲ ಅದು. ಒಬ್ಬರನ್ನೊಬ್ಬರು ಕೆಣಕದೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ.

ಕ್ಯಾಂಟೀನಿನ ಹೊರಗೆ, ಪಾರ್ಕಿಂಗಿನ ಪಕ್ಕದಲ್ಲಿ ಪಿಯೋನಿ ಎಂಬ ಹೂವಿನ ಗಿಡಗಳ ಸಾಲೊಂದಿತ್ತಂತೆ. ಜೂನ್ ತಿಂಗಳಲ್ಲಿ ಅವು ಅರಳಿದಾಗ ಕಾಕು ಊಟದ ವಿರಾಮವನ್ನೆಲ್ಲ ಅಲ್ಲೇ ನಿಂತು ಕಳೆದಿದ್ದರು. ಒಂದೊಂದು ಹೂವೂ ತುಂಬಿದ ಬಟ್ಟಲಿನಷ್ಟು, ಎಸಳಿನೊಳಗೆ ಎಸಳು, ತಿಳಿ ಗುಲಾಬಿ ಬಣ್ಣ. ಇದನ್ನು ಮುಡಿದರೆ ಕುತ್ತಿಗೆಯೇ ಉಳುಕೀತು, ಆದರೂ ಒಂದು ದಿನ ಮುಡಿಯಬೇಕು ಎಂದು ನನಗೆ ಹೇಳಿ ನಕ್ಕಿದ್ದರು. ಆ ವರ್ಷದ ಅಕ್ಟೋಬರಿನಲ್ಲಿ ನರ್ಸರಿಯಿಂದ ಒಂದು ಗೆಡ್ಡೆ ತಂದರು. ಕಂದು ಬಣ್ಣದ, ಗೆಣಸಿನ ಗೊಂಚಲಿನಂಥ ಗೆಡ್ಡೆ, ತಲೆಯ ಮೇಲೆ ಕೆಂಪು ಕೆಂಪು ಕಣ್ಣು. ಕಾಕಾ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಕುದಿಸಿ ಉಪ್ಪು ಹಚ್ಚಿ ತಿಂದ್ರ ರುಚಿ ಆಕ್ಕತಿ ನೋಡ," ಎಂದರು. ಎಂದರೇ ಹೊರತು ಸಲಿಕೆ ಹಿಡಿದು ಮನೆಯ ಮುಂದಿನ ಹುಲ್ಲು ಕೆತ್ತಿದವರೂ ಅವರೇ.

ಆಳವಾಗಿ ಅಗೆದರು. ಈ ದೇಶದ ಚಳಿಯನ್ನು ಕಂಡವರಲ್ಲವೇ, ನೆಲ ಕಲ್ಲಾಗುವುದನ್ನು ನೋಡಿದವರು. ಪಾಪದ ಗೆಡ್ಡೆ ಕೆಳಗೆ ಬೆಚ್ಚಗಿರಲಿ ಎಂದು ಮೊಣಕೈವರೆಗೂ ತಗ್ಗು ತೋಡಿ, ಗೊಬ್ಬರ ಹಾಕಿ, ಅದರೊಳಗೆ ಮಲಗಿಸಿ, ಮೇಲೆ ಮಣ್ಣು ಮೆತ್ತಿದರು. ಮೊದಲ ಹಿಮ ಬೀಳುವ ಹೊತ್ತಿಗೆ ಕಾಕು ಅದರ ಮೇಲೆ ಒಣಗಿದ ಮೇಪಲ್ ಎಲೆ ಸುರಿದು, ಎಲೆಯ ಮೇಲೆ ಹಳೆಯ ಕಂಬಳಿ ಹೊದಿಸಿ, ಹಾರಿಹೋಗದಂತೆ ಸುತ್ತ ಇಟ್ಟಿಗೆ ಇಟ್ಟರು. ರಸ್ತೆಯಲ್ಲಿ ಹೋಗುವವರು ಏನೋ ಹೂತಿದ್ದಾರೆ ಅಂದುಕೊಳ್ಳುವ ಹಾಗಿತ್ತು.

ವಸಂತದಲ್ಲಿ ಕೆಂಪು ಮೊಳಕೆ ಬಂತು, ಎಲೆ ಬಂತು, ಹೂವು ಬರಲಿಲ್ಲ. ಮರುವರ್ಷವೂ ಅಷ್ಟೇ. ಕಾಕು ಇನ್ನೊಂದು ಕಂಬಳಿ ಹೊದಿಸಿದರು. ಅದರ ಮರುವರ್ಷವೂ ಬರೀ ಎಲೆ. ಆಗ ನನ್ನ ಮಗಳು, ಹೈಸ್ಕೂಲಿನಲ್ಲಿದ್ದಳು, ಫೋನಿನಲ್ಲಿ ಹುಡುಕಿ ಓದಿ ಹೇಳಿದಳು: ಗೆಡ್ಡೆಯ ಕಣ್ಣು ಮಣ್ಣಿನಿಂದ ಎರಡು ಬೆರಳಗಲಕ್ಕಿಂತ ಕೆಳಗೆ ಹೋಗಬಾರದಂತೆ. ಅದಕ್ಕೆ ಚಳಿ ತಗಲಲೇಬೇಕಂತೆ. ಚಳಿ ತಿನ್ನದಿದ್ದರೆ ಅದು ಮೊಗ್ಗೇ ಬಿಡುವುದಿಲ್ಲವಂತೆ. ಕಾಕು ಆ ಮಾತು ಕೇಳಿ ಗಿಡದ ಬುಡದ ಮಣ್ಣಿಗೆ ಬೆರಳು ಹಾಕಿ ನೋಡಿದರು. ಇಷ್ಟು ವರ್ಷ ಮುಚ್ಚಿ ಮುಚ್ಚಿ ಅದರ ಉಸಿರು ಕಟ್ಟಿಸಿದೆವೇನೇ ತಂಗಿ ಎಂದು ನನ್ನ ಕಡೆ ತಿರುಗಿದರು.

ಸೆಪ್ಟೆಂಬರಿನಲ್ಲಿ ಗೆಡ್ಡೆ ಎತ್ತಿ ಮೇಲ್ಮೇಲೆ ಮತ್ತೆ ನೆಟ್ಟರು. ಪಿಯೋನಿಗೆ ಜಾಗ ಬದಲಿಸಿದರೆ ಸಿಟ್ಟು ಬರುತ್ತದಂತೆ, ಹೆಣ್ಣುಮಕ್ಕಳು ಮುನಿಸಿಕೊಂಡ ಹಾಗೆ. ಇನ್ನೆರಡು ಬೇಸಿಗೆ ಮುಖ ತೋರಿಸಲಿಲ್ಲ. ಕಾಕಾ ದಿನಾ ಕೆಲಸಕ್ಕೆ ಹೋಗುವಾಗ ಗಿಡದ ಮುಂದೆ ಒಂದು ಗಳಿಗೆ ನಿಂತು, ಕೇಳುವ ಹಾಗೆ ಗಟ್ಟಿಯಾಗಿ ಹೇಳುತ್ತಿದ್ದರು. ಮುಂದಿನ ವರ್ಷ ನೋಡುತ್ತೇನೆ, ಆಗಲೂ ಅರಳದಿದ್ದರೆ ಕಿತ್ತು ಬದನೆಕಾಯಿ ಹಚ್ಚುತ್ತೇನೆ, ಎಣ್ಣೆಗಾಯಿಯಾದರೂ ಆಗುತ್ತದೆ. ಬಾಗಿಲಲ್ಲಿ ನಿಂತ ಕಾಕು, ಅರಳಿದ ದಿನ ನಿಮ್ಮ ಮೂಗಿಗೆ ಒತ್ತಿ ತೋರಿಸುತ್ತೇನೆ, ಆಗ ಈ ಮಾತು ಆಡಿ ಎನ್ನುತ್ತಿದ್ದರು. ಪ್ರತಿದಿನ ಇದೇ. ಗೋಡೆಯ ಈಚೆಗೆ ನಮಗೆ ಅದು ಗಡಿಯಾರದ ಹಾಗೆ ಆಗಿಹೋಗಿತ್ತು...

ಆ ಮುಂದಿನ ವರ್ಷದ ಚಳಿಗಾಲದಲ್ಲಿ ಗೋಡೆಯಾಚೆಯ ಮಾತು ಕಡಿಮೆಯಾಯಿತು. ಕಾಕಾಗೆ ಜ್ವರ ಬಂದು ಹೋಗಿ, ಬಂದು ಹೋಗಿ, ಮೈಮೇಲೆ ಅಲ್ಲಲ್ಲಿ ನೀಲಿ ಕಲೆ ಕಾಣಿಸಿಕೊಂಡಿತು. ಮಾರ್ಚಿನಲ್ಲಿ ರಕ್ತದ ಕ್ಯಾನ್ಸರ್ ಎಂದರು. ಏಪ್ರಿಲ್ಲಿನಲ್ಲಿ ಆಸ್ಪತ್ರೆಗೆ ಸೇರಿಸಿದರು. ಕಾಕು ಕ್ಯಾಂಟೀನಿಗೆ ರಜೆ ಹಾಕಿ ಬೆಳಿಗ್ಗೆ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದರು. ಸಂಜೆ ನಮ್ಮಲ್ಲಿ ಯಾರಾದರೂ ಕಾರಿನಲ್ಲಿ ಕರೆತರುತ್ತಿದ್ದೆವು.

ಅವರು ಆಸ್ಪತ್ರೆಯಲ್ಲಿರುವಾಗಲೇ, ಮೇ ತಿಂಗಳಲ್ಲಿ, ಗಿಡದಲ್ಲಿ ಮೊಗ್ಗು ಬಂದವು.

ಮೊದಲು ಕಂಡವಳು ನನ್ನ ಮಗಳು. ಗೋಲಿಯ ಗಾತ್ರದ ಹಸಿರು ಗುಂಡುಗಳು, ಬೆರಳೆಣಿಕೆಯಷ್ಟು, ಪ್ರತಿಯೊಂದರ ಮೇಲೂ ಇರುವೆ. ಕಾಕು ಕಂಡವರೇ ಒಳಗೆ ಓಡಿ ಅರಿಶಿನದ ಡಬ್ಬಿ ತಂದು ಬುಡದ ಸುತ್ತ ಗೆರೆ ಎಳೆದರು, ಇರುವೆ ಹತ್ತದ ಹಾಗೆ. ಇರುವೆ ಏನೂ ಮಾಡುವುದಿಲ್ಲ, ಮೊಗ್ಗಿನ ಮೇಲಿನ ಸಿಹಿ ನೆಕ್ಕಿಕೊಂಡು ಹೋಗುತ್ತದೆ ಎಂದು ಮಗಳು ಎಷ್ಟು ಹೇಳಿದರೂ ಕೇಳಲಿಲ್ಲ. ಆ ದಿನ ಆಸ್ಪತ್ರೆಯಲ್ಲಿ ಫೋನು ತೆಗೆದು ಕಾಕಾಗೆ ಮೊಗ್ಗಿನ ಫೋಟೋ ತೋರಿಸಿದರಂತೆ. ಅವರು ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು, ಫೋನು ವಾಪಸ್ಸು ಕೊಟ್ಟು ಹೇಳಿದ್ದನ್ನು ಕಾಕು ಕಾರಿನಲ್ಲಿ ನನಗೆ ಅವರದೇ ದನಿಯಲ್ಲಿ ಹೇಳಿ ತೋರಿಸಿದರು. "ಯಾರ ಮನೀವು ಇವು? ಫೋನ್‌ನ್ಯಾಗ ಊರ ಮಂದಿ ಹೂವೆಲ್ಲಾ ಬರ್ತಾವ. ತಂದು ತೋರಸು, ಆವಾಗ ನಂಬ್ತೀನಿ."

ಕಾಕು ನಗುತ್ತಲೇ ಹೇಳಿದರು. ಆದರೆ ಆ ಮಾತನ್ನು ಅವರು ಎದೆಗೆ ಹಾಕಿಕೊಂಡುಬಿಟ್ಟಿದ್ದರು. ತಂದು ತೋರಿಸಬೇಕು. ಅಷ್ಟು ವರ್ಷದ ಕೆಣಕಾಟಕ್ಕೆ ಉತ್ತರ ಕೈಯಲ್ಲೇ ಹಿಡಿದು ಕೊಡಬೇಕು. ಆದರೆ ಕಾಕಾ ಇದ್ದ ವಾರ್ಡಿಗೆ ಹೂವು ಬಿಡುತ್ತಿರಲಿಲ್ಲ. ರಕ್ತದಲ್ಲಿ ಬಲವಿಲ್ಲದವರಿಗೆ ಹೂವಿನಿಂದ, ಮಣ್ಣಿನಿಂದ ಸೋಂಕು ತಗಲುತ್ತದೆಂದು ಬಾಗಿಲಲ್ಲೇ ಬೋರ್ಡು ಹಾಕಿದ್ದರು. ಔಷಧಿ ಹಿಡಿದರೆ ಎರಡು ಮೂರು ವಾರದಲ್ಲಿ ಬೇರೆ ವಾರ್ಡಿಗೆ ಕಳಿಸುತ್ತೇವೆ, ಅಲ್ಲಿಗೆ ತರಬಹುದು ಎಂದು ನರ್ಸು ಹೇಳಿದ್ದರು. ಮೊಗ್ಗುಗಳು ಎರಡು ಮೂರು ವಾರ ಕಾಯುತ್ತವೆಯೇ? ಪಿಯೋನಿ ಅರಳಿದರೆ ಒಂದು ವಾರದ ಬಾಳು. ನಡುವೆ ಒಂದು ಮಳೆ ಬಂದರೆ ಅದೂ ಇಲ್ಲ.

ಅದಕ್ಕೂ ಉಪಾಯ ಹುಡುಕಿದವಳು ಮಗಳೇ. ಮೊಗ್ಗು ಬಣ್ಣ ತೋರಿಸಿ, ಒತ್ತಿದರೆ ಮೆತ್ತಗೆ ಅನಿಸುವ ಹೊತ್ತಿಗೆ ದಂಟು ಸಮೇತ ಕತ್ತರಿಸಿ ಫ್ರಿಜ್ಜಿನಲ್ಲಿ ಇಟ್ಟರೆ ಎಷ್ಟೋ ವಾರ ಹಾಗೇ ನಿದ್ದೆ ಮಾಡುತ್ತದಂತೆ. ಬೇಕಾದಾಗ ತೆಗೆದು ನೀರಿಗಿಟ್ಟರೆ ಆಗ ತಾನೇ ಗಿಡದಲ್ಲಿದ್ದ ಹಾಗೆ ಅರಳುತ್ತದಂತೆ. ಒಣಗಿದ ಕಾಗದದಲ್ಲಿ ಸುತ್ತಬೇಕು, ಕಾಕು, ನೀರು ತಾಗಬಾರದು ಎಂದು ಅವಳು ಎರಡೆರಡು ಸಲ ಹೇಳಿದಳು. ಕಾಕು ಆಗಲಿ ಎಂದು ತಲೆಯಾಡಿಸಿದರು. ಒಂದನ್ನಾದರೂ ಗಿಡದಲ್ಲಿ ಬಿಡಿ ಎಂದೆ ನಾನು. ಯಾರಿಗೆ ನೋಡಲಿಕ್ಕೆ ಎಂದು ಕೇಳಿ ಎಲ್ಲವನ್ನೂ ಕತ್ತರಿಸಿದರು.

ಮನೆಯೊಳಗೆ ಹೋಗಿ ಅವರು ಮಾಡಿದ್ದು ಬೇರೆ. ಅದನ್ನು ನಾನು ಆಮೇಲೆ ತಿಳಿದದ್ದು. ನಾವು ಹೆಂಗಸರಿಗೆ ಮೊಗ್ಗು ಕಾಪಾಡುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲವಲ್ಲ. ಸಂಜೆ ತಂದ ಮಲ್ಲಿಗೆ ಮೊಗ್ಗನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಬೆಳಿಗ್ಗೆ ಮುಡಿಯುವುದು ಹುಟ್ಟಿದಾಗಿನಿಂದ ನೋಡಿದ್ದು. ನಮ್ಮಜ್ಜಿ ಹಾಗೆ ಮಾಡುತ್ತಿದ್ದರು, ಕಾಕುವಿನ ಅವ್ವ ಹಾಗೆ ಮಾಡುತ್ತಿದ್ದರು. ಒಣ ಕಾಗದದಲ್ಲಿ ಇಟ್ಟ ಹೂವು ಬಾಡದೆ ಇನ್ನೇನು ಮಾಡೀತು, ಫೋನಿನಲ್ಲಿ ಬರೆಯುವವರು ಹೂವು ಕಟ್ಟಿದ್ದಾರೆಯೇ, ಮುಡಿದಿದ್ದಾರೆಯೇ ಎಂದು ಕಾಕುಗೆ ಅನಿಸಿತು. ಕಾಕಾನ ಹಳೆಯ ಧೋತರವೊಂದನ್ನು ತುಂಡು ತುಂಡಾಗಿ ಹರಿದು, ತಣ್ಣೀರಿನಲ್ಲಿ ಅದ್ದಿ ಹಿಂಡಿ, ಒಂದೊಂದು ಮೊಗ್ಗನ್ನೂ ಕೂಸಿಗೆ ದುಪಟಿ ಸುತ್ತಿದ ಹಾಗೆ ಸುತ್ತಿ, ಮುಚ್ಚಳವಿದ್ದ ಪೆಟ್ಟಿಗೆಯಲ್ಲಿಟ್ಟರು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಫ್ರಿಜ್ಜು ತೆಗೆದು ಬಟ್ಟೆಯ ಮೇಲೆ ನೀರು ಚಿಮುಕಿಸಿ ಬಸ್ಸಿಗೆ ಹೋಗುತ್ತಿದ್ದರು. ಬಿಚ್ಚಿ ನೋಡಲಿಲ್ಲ. ನಿದ್ದೆಯಲ್ಲಿದ್ದದ್ದನ್ನು ಯಾಕೆ ಎಬ್ಬಿಸುವುದು ಅಂತ.

ಜೂನ್ ತಿಂಗಳ ಒಂದು ಮಧ್ಯಾಹ್ನ ಅವರ ಫೋನು ಬಂತು. ವಾರ್ಡು ಬದಲಾಯಿಸಿದರಂತೆ, ಇನ್ನು ಹೂವು ತರಬಹುದಂತೆ, ಬಂದು ಕರಕೊಂಡು ಹೋಗು, ಮನೆಗೆ ಹೋಗಿ ತರೋಣ ಎಂದರು. ದನಿಯಲ್ಲಿ ಖುಷಿ ಇತ್ತು. ನಾನು ಆಸ್ಪತ್ರೆಗೆ ಹೋದಾಗ ಹೊಸ ವಾರ್ಡಿನ ಹೆಸರು ಓದಿದೆ. ಔಷಧಿ ನಿಲ್ಲಿಸಿದವರನ್ನು ಇಡುವ ವಾರ್ಡು ಅದು. ಇನ್ನು ಸೋಂಕಿನ ಭಯವಿಲ್ಲ, ಯಾಕೆಂದರೆ... ಹೂವು ತರಬಹುದು ಎಂದರೆ ಏನರ್ಥ ಎಂದು ನನಗೆ ಆಗ ತಿಳಿಯಿತು. ಕಾಕುಗೂ ತಿಳಿದಿತ್ತು, ಅದನ್ನು ಆಡಲಿಲ್ಲ ಅಷ್ಟೇ. ದಾರಿಯುದ್ದಕ್ಕೂ ಯಾವ ಹೂದಾನಿಯಲ್ಲಿ ಇಡುವುದು, ಉಗುರುಬೆಚ್ಚಗಿನ ನೀರೋ ತಣ್ಣೀರೋ ಎಂದೇ ಮಾತಾಡಿದರು.

ಪೆಟ್ಟಿಗೆಯನ್ನು ನಮ್ಮ ಮನೆಯ ಅಡುಗೆಮನೆಗೇ ತಂದರು, ಮಗಳು ನೋಡಲಿ ಎಂದು. ಮುಚ್ಚಳ ತೆಗೆದರು. ಬಟ್ಟೆ ಬಿಚ್ಚುವ ಮೊದಲೇ ವಾಸನೆ ಬಂತು. ಕಳೆದ ಭಾನುವಾರ ನಮ್ಮ ಡ್ರಾಯರಿನಿಂದ ಬಂದದ್ದು ಅದೇ ವಾಸನೆ, ಅದರೊಳಗೆ ಗುಲಾಬಿಯ ಒಂದು ಎಳೆ ಬೆರೆತಿತ್ತು, ಅಷ್ಟೇ ವ್ಯತ್ಯಾಸ. ಮೊದಲನೆಯ ಮೊಗ್ಗು ಕಪ್ಪಾಗಿತ್ತು. ಎರಡನೆಯದರ ಮೇಲೆ ಬೂದು ಬಣ್ಣದ ಬೂಷ್ಟು ತುಪ್ಪಳದಂತೆ ಎದ್ದಿತ್ತು. ಕಾಕು ಒಂದೊಂದನ್ನೇ ಬಿಚ್ಚುತ್ತಾ ಹೋದರು, ಅವಸರವಿಲ್ಲದೆ, ಕೊನೆಯದರವರೆಗೆ. ಕೊನೆಯದು ಅವರ ಬೆರಳಲ್ಲೇ ಲೋಳೆಯಾಗಿ ಜಾರಿತು. ಮಗಳು ನನ್ನ ಮುಖ ನೋಡಿದಳು. ಒಣ ಕಾಗದ ಅಂತ ಹೇಳಿದ್ದೆನಲ್ಲ ಎನ್ನುವ ಮಾತು ಅವಳ ಬಾಯಿವರೆಗೂ ಬಂದಿತ್ತು. ಆಡಲಿಲ್ಲ. ಹದಿನೇಳರ ಹುಡುಗಿ ಅಷ್ಟು ತಿಳಿದವಳಾದಳಲ್ಲ ಎಂದು ಈಗಲೂ ಅಂದುಕೊಳ್ಳುತ್ತೇನೆ.

ನಾನೇ ಆತುರಪಟ್ಟೆ. "ಕಾಕು, ಅಂಗಡಿಗಳಲ್ಲಿ ಈಗ ಎಲ್ಲೆಲ್ಲೂ ಪಿಯೋನಿ ಇದೆ. ಇದೇ ಬಣ್ಣದ್ದು ತಗೊಂಡು ಹೋಗೋಣ. ಅವರಿಗೇನು ಗೊತ್ತಾಗುತ್ತೆ?"

ಅವರು ಸಿಂಕಿನಲ್ಲಿ ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು ಹೇಳಿದರು. "ನಾ ಆ ಮನಿಶ್ಯಾಗ ಇಷ್ಟ ವರ್ಷ ಬಾಯಿಗೆ ಬಂದದ್ದೆಲ್ಲಾ ಅಂದೀನಿ ತಂಗಿ. ಸುಳ್ಳೊಂದು ಹೇಳಿಲ್ಲ. ಈಗ ಹೋಗೂ ಹೊತ್ತಿಗೆ ಹ್ಯಾಂಗ ಹೇಳ್ಲಿ?"

ಆಮೇಲೆ ಕಪ್ಪಾದ ಮೊಗ್ಗುಗಳನ್ನು ಮತ್ತೆ ಅದೇ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಮುಚ್ಚಳ ಹಾಕಿ, ನಡಿ ಎಂದರು.

ಕಾಕಾ ಕಿಟಕಿಯ ಪಕ್ಕದ ಹಾಸಿಗೆಯಲ್ಲಿದ್ದರು. ಮುಖ ಇಷ್ಟೇ ಆಗಿತ್ತು. ಕಾಕು ಮಂಚದ ಮೇಲೆ ಪೆಟ್ಟಿಗೆ ಇಟ್ಟು, ನಡೆದದ್ದನ್ನೆಲ್ಲ ಏನೂ ಮುಚ್ಚದೆ ಹೇಳಿದರು. ಕತ್ತರಿಸಿದ್ದು, ಧೋತರ ಹರಿದದ್ದು, ನೀರು ಹೊಡೆದದ್ದು. ಕಾಕಾ ಮುಚ್ಚಳ ತೆಗೆ ಎಂದು ಕಣ್ಣಲ್ಲೇ ಹೇಳಿದರು. ನರ್ಸು ಎಲ್ಲಿ ಮೂಗು ಮುಚ್ಚಿಕೊಂಡು ಬರುತ್ತಾರೋ ಎಂದು ನಾನು ಬಾಗಿಲ ಕಡೆ ನೋಡುತ್ತಿದ್ದೆ. ಅವರು ಒಂದು ಮೊಗ್ಗನ್ನು ಕೈಗೆ ತೆಗೆದುಕೊಂಡರು, ಮೂಗಿಗೆ ಹಿಡಿದರು, ಮತ್ತೆ ನೋಡಿದರು. ಅವರ ಎದೆ ಅಲುಗತೊಡಗಿತು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು. ಉಸಿರು ಸಾಲದೆ ನಡುನಡುವೆ ನಿಂತು ನಿಂತು ಹೇಳಿದರು.

"ಇವು ನಮ್ಮನೀವ ಅದಾವ ಬಿಡು. ಇಂಥಾವು ಯಾವ ಅಂಗಡ್ಯಾಗೂ ಮಾರೂದಿಲ್ಲ."

ಕಾಕು ಸೆರಗು ಬಾಯಿಗೆ ಒತ್ತಿಕೊಂಡರು. ಕಾಕಾ ಕಣ್ಣು ಮುಚ್ಚಿಕೊಂಡೇ ಇನ್ನೊಂದು ಮಾತು ಸೇರಿಸಿದರು. ಬದನೆಕಾಯಿ ಹಚ್ಚಬೇಡ ಎಂದರು. ನಾನು ಅವರ ದನಿ ಕೇಳಿದ್ದು ಅದೇ ಕಡೆ. ಆ ವಾರದಲ್ಲೇ ತೀರಿಕೊಂಡರು.

ಮುಂದಿನ ಜೂನ್‌ನಲ್ಲಿ ಗಿಡ ಅರಳಿತು. ನಿಜವಾಗಿ ಅರಳಿತು, ಬಟ್ಟಲು ಬಟ್ಟಲು ಹೂವು, ರಸ್ತೆಯವರೆಗೂ ಘಮ. ನಾಯಿ ಕರೆದುಕೊಂಡು ಹೋಗುವವರು ನಿಂತು ಫೋಟೋ ತೆಗೆಯುತ್ತಿದ್ದರು. ಕಾಕು ಒಂದನ್ನೂ ಕೀಳಲಿಲ್ಲ. ಮುಡಿಯಬೇಕು ಅಂದಿದ್ದಿರಲ್ಲ ಎಂದು ನಾನು ಕೇಳಲೂ ಇಲ್ಲ, ಕೇಳುವ ಮಾತೇ ಅದು? ಗಾಳಿಮಳೆಯೊಂದು ಬಂದು ಹೂವುಗಳೆಲ್ಲ ನೀರಿನ ಭಾರಕ್ಕೆ ಬಾಗಿ ಮಣ್ಣಿನಲ್ಲಿ ಮುಖವಿಟ್ಟವು. ಬೆಳಿಗ್ಗೆ ನಾನು ಕೋಲು ದಾರ ಹಿಡಿದು ಎತ್ತಿ ಕಟ್ಟಲು ಹೋದೆ. ಮೆಟ್ಟಿಲ ಮೇಲೆ ಚಹಾ ಹಿಡಿದು ಕೂತಿದ್ದ ಕಾಕು, ಬಿಡು, ಅವಕ್ಕೂ ಸಾಕಾಗಿರುತ್ತದೆ ಎಂದರು.

ಅದೇ ವರ್ಷ ಚಳಿ ಶುರುವಾಗುವ ಮುಂಚೆ ಬೆಳಗಾವಿಗೆ, ತಂಗಿಯ ಮನೆಗೆ ಹೊರಟರು. ಚಳಿ ಮುಗಿಯುತ್ತಲೇ ಬರುತ್ತೇನೆ ಎಂದು. ಹೋಗುವ ಹಿಂದಿನ ದಿನ ಧೋತರದ ತುಂಡುಗಳನ್ನು ಒಗೆದು, ಮಡಿಸಿ ತಂದುಕೊಟ್ಟರು. ಸೊಪ್ಪಿಗೆ ಆಗುತ್ತದೆ, ಹೂವಿಗೆ ಮಾತ್ರ ಬಳಸಬೇಡ ಎಂದು ತಮ್ಮನ್ನೇ ಆಡಿಕೊಂಡು ನಕ್ಕರು. ನವೆಂಬರಿನಲ್ಲಿ ಫೋನು ಮಾಡಿದಾಗ ಗಿಡದ ವಿಚಾರ ಬಂತು. ದಂಟು ಕತ್ತರಿಸಿದ್ದೇನೆ, ಹಿಮ ಬಿದ್ದಿದೆ, ಎಲೆಯಾದರೂ ಸುರಿಯಲೇ ಎಂದು ಕೇಳಿದೆ.

"ಏನೂ ಮುಚ್ಚಬ್ಯಾಡ. ತಂಡಿ ತಿನ್ಲಿ ಅದು," ಎಂದರು.

ಸಂಕ್ರಾಂತಿ ಕಳೆದು ಕೆಲವು ದಿನಕ್ಕೆ ಅವರ ತಂಗಿಯ ಫೋನು ಬಂತು. ಮಲಗಿದವರು ಏಳಲಿಲ್ಲವಂತೆ. ಅಲ್ಲೇ ಎಲ್ಲ ಮಾಡಿ ಮುಗಿಸಿದ್ದರು. ನಾವು ಇಲ್ಲಿ, ಖಾಲಿ ಗೋಡೆಯ ಈಚೆಗೆ, ಒಂದು ದೀಪ ಹಚ್ಚಿದೆವು.

ವಸಂತದಲ್ಲಿ ಕಾಕುವಿನ ಮನೆಯನ್ನು ಅವರ ತಂಗಿ ಮಾರಿದರು. ಕೊಂಡವರು ಒಳ್ಳೆಯವರು, ದೊಡ್ಡ ಸಂಸಾರ, ಬೇಸ್‌ಮೆಂಟಿನಲ್ಲಿ ಬಾಡಿಗೆಗೂ ಜನ, ಅಷ್ಟು ಮಂದಿಗೆ ಕಾರು ನಿಲ್ಲಿಸಲು ಜಾಗ ಬೇಕು. ಗೆಡ್ಡೆ ತೆಗೆದುಕೊಳ್ಳುತ್ತೇನೆ ಎಂದು ಕೇಳಿಕೊಳ್ಳೋಣ ಅಂದುಕೊಂಡಿದ್ದೆ, ಸೆಪ್ಟೆಂಬರಿನವರೆಗೆ ಕಾಯೋಣ, ಆಗಲೇ ಎತ್ತುವುದು ಸರಿ ಅಂದುಕೊಂಡು ಮುಂದೆ ಹಾಕಿದೆ. ಒಂದು ದಿನ ಆಫೀಸಿನಿಂದ ಬರುವ ಹೊತ್ತಿಗೆ ಯಂತ್ರ ಬಂದು ಹೋಗಿತ್ತು. ಮನೆಯ ಮುಂದೆ ಜಲ್ಲಿ ಹಾಸಿ ಸಮ ಮಾಡಿದ್ದರು. ಕೆಂಪು ಮೊಳಕೆ ಆಗಷ್ಟೇ ಗೇಣುದ್ದ ಬಂದಿತ್ತು... ಆಮೇಲೆ ಅದರ ಮೇಲೆ ಕಲ್ಲು ಜೋಡಿಸಿದರು. ಈಗ ಅಲ್ಲಿ ಬಿಳಿಯ ವ್ಯಾನೊಂದು ನಿಲ್ಲುತ್ತದೆ.

ಕಾಕು ಕೊಟ್ಟ ತುಂಡುಗಳು ಒಂದೊಂದಾಗಿ ಸವೆದು, ಹರಿದು ಹೋದವು. ಮೊನ್ನೆ ಮಗಳ ಕೈಗೆ ಸಿಕ್ಕಿದ್ದು ಕಡೆಯದು.

ಭಾನುವಾರ ಅದನ್ನು ಬಿಸಿನೀರಿನಲ್ಲಿ ನೆನೆಸಿ, ಸೋಪು ಹಚ್ಚಿ ಉಜ್ಜಿ ಒಗೆದೆ. ವಾಸನೆ ಪೂರ್ತಿ ಹೋಗಲಿಲ್ಲ. ಬಿಸಿಲಿಗಾದರೂ ಹೋಗಲಿ ಎಂದು ಹಿತ್ತಲ ಬೇಲಿಯ ಮೇಲೆ ಹರವಿದೆ. ಮಧ್ಯಾಹ್ನ ಗಾಳಿ ಎದ್ದಿತ್ತು. ಸಂಜೆ ನೋಡಿದರೆ ಬೇಲಿಯ ಮೇಲೆ ಬಟ್ಟೆಯಿಲ್ಲ. ಹುಡುಕಲು ಚಪ್ಪಲಿ ಮೆಟ್ಟುತ್ತಿರುವಾಗಲೇ ಬಾಗಿಲು ತಟ್ಟಿದ ಸದ್ದಾಯಿತು. ಪಕ್ಕದ ಮನೆಯ ಸೊಸೆ ನಿಂತಿದ್ದಳು. ಕೈಯಲ್ಲಿ ಧೋತರದ ತುಂಡು, ನಾಲ್ಕು ಮಡಿಕೆ ಮಾಡಿ, ಅಂಗೈಯಲ್ಲಿ ಒತ್ತಿ ನೀಟಾಗಿಸಿದ್ದಳು. ಅವರ ವ್ಯಾನಿನ ಮೇಲೆ ಬಂದು ಬಿದ್ದಿತ್ತಂತೆ. ಇದು ನಿಮ್ಮನೆಯದೇ ಎಂದು ಹಿಂದಿಯಲ್ಲಿ ಕೇಳಿದಳು.

ಹೌದು, ನಮ್ಮನೆಯದೇ ಎಂದು ಹೇಳಿ ತೆಗೆದುಕೊಂಡೆ.